6ಜಿ ಬರಲಿ ಎಂದು ಕಾಯುವುದೋ, ಈಗಲೇ 5ಜಿ ಫೋನ್ ಕೊಳ್ಳುವುದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಇನ್ನೇನು 6ಜಿ ಬಂದೇಬಿಡುತ್ತದೆ ಅನ್ನುತ್ತಾರೆ. ಈಗ 5ಜಿ ಫೋನ್ ತೆಗೆದುಕೊಂಡರೆ ದುಡ್ಡು ದಂಡವಲ್ಲವೇ?

ಅಲ್ಲ. 6ಜಿ ಫೋನ್ ಹೇಗಿರಬೇಕು ಎಂದು ಹೇಳುವ ನಿಯಮಾವಳಿಯೇ ಇನ್ನೂ ಪೂರ್ತಿಯಾಗಿಲ್ಲ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2023ರ ನವೆಂಬರಿನಲ್ಲಿ ಒಪ್ಪಿದ್ದು ‘ಐಎಂಟಿ-2030’ ಎಂಬ ಚೌಕಟ್ಟನ್ನು ಮಾತ್ರ. ಇಸವಿ ಹೆಸರಿನಲ್ಲೇ ಇದೆ. ತಾಂತ್ರಿಕ ವಿವರ ಬರೆಯುವ 3ಜಿಪಿಪಿ ಸಂಸ್ಥೆ ತನ್ನ 20ನೇ ಆವೃತ್ತಿಯನ್ನು 6ಜಿ ಅಧ್ಯಯನಕ್ಕೆ ಇಟ್ಟುಕೊಂಡಿದೆ. ಚಿಪ್ ತಯಾರಕರು ನಂಬಿ ಕೆಲಸ ಶುರು ಮಾಡಬಹುದಾದ ಮೊದಲ ನಿಯಮಾವಳಿ 21ನೇ ಆವೃತ್ತಿಯಲ್ಲಿ ಬರಬೇಕು. 2023ರ ಮಾರ್ಚಿನಲ್ಲಿ ಪ್ರಕಟವಾದ ‘ಭಾರತ್ 6ಜಿ’ ಮುನ್ನೋಟದ ಗುರಿಯೂ 2030ರ ಆಸುಪಾಸೇ.

ನಿಯಮಾವಳಿ ಬಂದ ಮರುದಿನ ನಮ್ಮೂರಿಗೆ ಸಿಗ್ನಲ್ ಬರುವುದೂ ಇಲ್ಲ. 5ಜಿಯ ಲೆಕ್ಕ ನೋಡಿ. ಮೊದಲ ನಿಯಮಾವಳಿ 2017ರ ಡಿಸೆಂಬರಿನಲ್ಲಿ ಸಿದ್ಧವಾಯಿತು, ದಕ್ಷಿಣ ಕೊರಿಯಾದಲ್ಲಿ ಸೇವೆ 2019ರ ಏಪ್ರಿಲಿನಲ್ಲಿ ಆರಂಭವಾಯಿತು, ಭಾರತದಲ್ಲಿ ಉದ್ಘಾಟನೆಯಾಗಿದ್ದು 2022ರ ಅಕ್ಟೋಬರ್ 1ರಂದು. ನಡುವೆ ಹೆಚ್ಚುಕಡಿಮೆ ಐದು ವರ್ಷ. ಅದೂ ಉದ್ಘಾಟನೆ ಅಷ್ಟೇ, ತಾಲ್ಲೂಕು ಕೇಂದ್ರಗಳಿಗೆ ತಲುಪಲು ಇನ್ನಷ್ಟು ಕಾಲ ಬೇಕಾಯಿತು. ಈಗ ಕೊಳ್ಳುವ ಫೋನಿನ ಆಯುಸ್ಸು ನಾಲ್ಕೈದು ವರ್ಷ ಎಂದುಕೊಂಡರೆ, ಅದು ಮೂಲೆ ಸೇರುವ ಹೊತ್ತಿಗೂ 6ಜಿ ದೊಡ್ಡ ನಗರಗಳ ಸುದ್ದಿಯಾಗಿಯೇ ಇದ್ದೀತು.

ಮೊದಲೇ ಕೊಂಡಿಟ್ಟರೆ ಲಾಭವಲ್ಲವೇ? ನೆಟ್‌ವರ್ಕ್ ಬಂದಾಗ ಫೋನ್ ತಯಾರಿರುತ್ತದೆ.

ಇದನ್ನು ನಂಬಿದವರಿಗೆ ಭಾರತದಲ್ಲಿ ಆದದ್ದೇನು ಎಂಬುದು ದಾಖಲಾಗಿಯೇ ಇದೆ. ಇಲ್ಲಿನ ಮೊದಲ 5ಜಿ ಫೋನ್‌ಗಳಾದ ರಿಯಲ್‌ಮಿ ಎಕ್ಸ್50 ಪ್ರೊ ಮತ್ತು ಐಕ್ಯೂ 3 ಬಂದದ್ದು 2020ರ ಫೆಬ್ರವರಿಯಲ್ಲಿ. ನೆಟ್‌ವರ್ಕ್ ಬಂದದ್ದು 31 ತಿಂಗಳ ನಂತರ. ಅಷ್ಟರಲ್ಲಿ ಬ್ಯಾಟರಿ ಸವೆದಿತ್ತು, ಅದಕ್ಕಿಂತ ಉತ್ತಮ 5ಜಿ ಮೋಡೆಮ್ (ಸಿಗ್ನಲ್ ಹಿಡಿಯುವ ಚಿಪ್) ಇರುವ ಫೋನ್ ಅರ್ಧ ಬೆಲೆಗೆ ಸಿಗುತ್ತಿತ್ತು.

ನೆಟ್‌ವರ್ಕ್ ಬಂದ ಮೇಲೂ ಕಾಯುವುದು ತಪ್ಪಲಿಲ್ಲ. ಫೋನಿನೊಳಗೆ 5ಜಿ ಯಂತ್ರಾಂಶ ಇದ್ದರೆ ಸಾಲದು; ಆ ಕಂಪನಿಯ ನೆಟ್‌ವರ್ಕಿಗೆ ಪರೀಕ್ಷೆಯಾಗಿ, ಸಾಫ್ಟ್‌ವೇರ್ ಮೂಲಕ ಬೀಗ ತೆರೆಯಬೇಕು. ಐಫೋನ್ 12, 13, 14 ಇದ್ದವರಿಗೆ ಭಾರತದಲ್ಲಿ 5ಜಿ ಸಿಕ್ಕಿದ್ದು 2022ರ ಡಿಸೆಂಬರಿನ ಐಒಎಸ್ 16.2 ಬಂದ ಮೇಲೆಯೇ. ಆದ್ದರಿಂದ ‘ಮುಂದೆ ಅಪ್‌ಡೇಟ್‌ನಲ್ಲಿ ಬರುತ್ತದೆ’ ಎಂದು ಅಂಗಡಿಯವರು ಹೇಳುವ ಯಾವ ಸೌಲಭ್ಯಕ್ಕೂ ಇವತ್ತು ದುಡ್ಡು ಕೊಡಬೇಡಿ.

6ಜಿ ಬಂದ ದಿನ ನನ್ನ 5ಜಿ ಫೋನ್ ನಿಂತುಹೋಗುತ್ತದೆಯೇ?

ಇಲ್ಲ. 5ಜಿ ಬಂದ ಮೇಲೂ 4ಜಿ ನಡೆಯುತ್ತಲೇ ಇದೆ, ಬಹುಪಾಲು ಕರೆಗಳು ಇಂದಿಗೂ ಅದರ ಮೇಲೆಯೇ ಹೋಗುತ್ತವೆ.

ಹಾಗಾದರೆ 4ಜಿ ಫೋನೇ ಸಾಕಲ್ಲವೇ?

ಕರೆ, ವಾಟ್ಸ್ಆ್ಯಪ್, ಯುಪಿಐ ಇಷ್ಟೇ ಬಳಕೆಯಿದ್ದು ಬಜೆಟ್ ಏಳೆಂಟು ಸಾವಿರದೊಳಗೆ ಇದ್ದರೆ ಸಾಕು. ಹತ್ತು ಸಾವಿರ ದಾಟುವುದಾದರೆ 4ಜಿ ಮಾತ್ರ ಇರುವ ಫೋನ್ ಬೇಡ. ಕಾರಣ ವೇಗವಲ್ಲ, ದಟ್ಟಣೆ. ಸಂಜೆ ಏಳರಿಂದ ಹತ್ತರವರೆಗೆ ಬೆಂಗಳೂರಿನ ಬಾಡಿಗೆ ಮನೆಗಳ ಬೀದಿಗಳಲ್ಲಿ 4ಜಿ ತುಂಬಿ ತುಳುಕುತ್ತದೆ. ಅದೇ ಟವರಿನ 5ಜಿ ಬ್ಯಾಂಡಿನಲ್ಲಿ, ಅಂದರೆ 5ಜಿ ಓಡುವ ತರಂಗಾಂತರದ ಪಟ್ಟಿಯಲ್ಲಿ, ಜಾಗ ಇರುತ್ತದೆ. ಮಾರುವಾಗಲೂ 4ಜಿ ಫೋನಿಗೆ ಬೆಲೆ ಹುಟ್ಟುವುದಿಲ್ಲ.

ಡಬ್ಬಿಯ ಮೇಲೆ ‘5ಜಿ’ ಎಂದಿದೆ. ಬೇರೇನು ನೋಡಬೇಕು?

ಬ್ಯಾಂಡ್‌ಗಳನ್ನು. ಮುಂದಿನ ಪೀಳಿಗೆಯ ಚಿಂತೆ ಬಿಟ್ಟು ಈ ಒಂದು ಸಾಲಿಗೆ ಐದು ನಿಮಿಷ ಕೊಟ್ಟರೆ ಹೆಚ್ಚು ಲಾಭ. ಅದು ಡಬ್ಬಿಯ ಮೇಲಿರುವುದಿಲ್ಲ. ತಯಾರಕರ ವೆಬ್‌ಸೈಟಿನಲ್ಲಿ ಆ ಮಾದರಿಯ ‘ನೆಟ್‌ವರ್ಕ್’ ವಿವರದಲ್ಲಿ ಇರುತ್ತದೆ. ವೆಬ್‌ಸೈಟಿನ ಭಾರತೀಯ ಪುಟವನ್ನೇ ತೆರೆಯಿರಿ. ಹೆಸರು ಒಂದೇ ಆದರೂ ಬೇರೆ ದೇಶಕ್ಕೆ ಮಾಡಿದ ಫೋನಿನ ಬ್ಯಾಂಡ್ ಬೇರೆ ಇರುತ್ತದೆ.

ಎನ್78 ಮೊದಲನೆಯದು. ಇದು 3300 ಮೆಗಾಹರ್ಟ್ಸ್ ಬ್ಯಾಂಡ್. ಜಿಯೋ, ಏರ್‌ಟೆಲ್, ವಿಐ (ವೊಡಾಫೋನ್ ಐಡಿಯಾ) ಮೂರೂ 2022ರ ಹರಾಜಿನಲ್ಲಿ ಕೊಂಡದ್ದು. ಭಾರತದಲ್ಲಿ 5ಜಿ ವೇಗ ಎಂದರೆ ಬಹುತೇಕ ಇದೇ. ಇದಿಲ್ಲದ ಫೋನ್ ಮುಟ್ಟಬೇಡಿ. ಈಗ ಇಲ್ಲಿ ಮಾರುವ ಫೋನ್‌ಗಳಲ್ಲಿ ಇದ್ದೇ ಇರುತ್ತದೆ, ತೊಂದರೆ ಬರುವುದು ಹೊರಗಿನಿಂದ ತಂದ ಹಳೆಯ ಫೋನುಗಳಲ್ಲಿ.

ಎನ್28 ಎಂದರೆ 700 ಮೆಗಾಹರ್ಟ್ಸ್. ಖಾಸಗಿ ಕಂಪನಿಗಳಲ್ಲಿ ಇದನ್ನು ಕೊಂಡದ್ದು ಜಿಯೋ ಮಾತ್ರ. ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ವೇಗ ಕಡಿಮೆ. ಜಿಯೋ ಬಳಸುವವರಿಗೆ ಇದು ಬೇಕೇ ಬೇಕು, ಅದರಲ್ಲೂ ಊರಾಚೆ ಮನೆಯಿದ್ದವರಿಗೆ.

ಎನ್258 ಎಂದರೆ 26 ಗಿಗಾಹರ್ಟ್ಸ್. ಫೋನಿಗೆ ಇದರ ಅಗತ್ಯವಿಲ್ಲ. ಮುಂದೆ ಪ್ರತ್ಯೇಕವಾಗಿ ಹೇಳಿದೆ.

ಇನ್ನು ಎನ್1, ಎನ್3, ಎನ್5, ಎನ್8, ಎನ್40. ಇವೆಲ್ಲ ಇಂದು 4ಜಿಗೆ ದುಡಿಯುತ್ತಿರುವ ತರಂಗಾಂತರಗಳ 5ಜಿ ಹೆಸರುಗಳು. 4ಜಿ ಬಳಕೆದಾರರು ಕಡಿಮೆಯಾದಂತೆ ಕಂಪನಿಗಳು ಇವನ್ನು ಒಂದೊಂದಾಗಿ 5ಜಿಗೆ ತಿರುಗಿಸಬಹುದು. ‘ಭವಿಷ್ಯಕ್ಕೆ ಸಿದ್ಧ’ ಎಂಬ ಜಾಹೀರಾತಿನ ಮಾತಿಗೆ ನಿಜವಾದ ಅರ್ಥ ಏನಾದರೂ ಇದ್ದರೆ ಅದು ಈ ಪಟ್ಟಿ ಉದ್ದವಾಗಿರುವುದರಲ್ಲಿ ಇದೆ. ಎರಡೇ 5ಜಿ ಬ್ಯಾಂಡ್ ಇರುವ ಫೋನಿಗೂ ಎಂಟು ಬ್ಯಾಂಡಿನ ಫೋನಿಗೂ ಸಾವಿರ ರೂಪಾಯಿ ವ್ಯತ್ಯಾಸವಿದ್ದರೆ ಸಾವಿರ ಕೊಟ್ಟುಬಿಡಿ.

4ಜಿ ಸಾಲನ್ನೂ ಓದಿ. 1, 3, 5, 8, 40, 41 ಇರಲಿ. ಬಿಎಸ್‌ಎನ್‌ಎಲ್ ಸಿಮ್ ಇದ್ದರೆ ಬ್ಯಾಂಡ್ 28 ಕಡ್ಡಾಯ.

ಎಸ್‌ಎ, ಎನ್‌ಎಸ್‌ಎ ಅಂದರೇನು? ನನಗೇಕೆ ಬೇಕು ಅದು?

ಎನ್‌ಎಸ್‌ಎಯಲ್ಲಿ ಫೋನ್ ಮೊದಲು 4ಜಿ ಹಿಡಿಯುತ್ತದೆ, ಅದರ ಆಸರೆಯಲ್ಲಿ 5ಜಿ ಸೇರಿಸಿಕೊಳ್ಳುತ್ತದೆ. ಎಸ್‌ಎಯಲ್ಲಿ 4ಜಿ ನೆರವಿಲ್ಲದೆ ನೇರ 5ಜಿ. ಜಿಯೋ ಮೊದಲಿನಿಂದ ಎಸ್‌ಎ. ಏರ್‌ಟೆಲ್ ಆರಂಭಿಸಿದ್ದು ಎನ್‌ಎಸ್‌ಎ; ಅದರ ಫೋನ್ ಗ್ರಾಹಕರ 5ಜಿ ಬಹುಪಾಲು ಎನ್‌ಎಸ್‌ಎ ಮೇಲೆಯೇ ಬೆಳೆದಿದೆ.

ಎರಡೂ ಇರುವ ಫೋನನ್ನೇ ಕೊಳ್ಳಿ. ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ರೆಡ್‌ಮಿ ಎ4 5ಜಿ ಉದಾಹರಣೆ. 2024ರ ನವೆಂಬರಿನಲ್ಲಿ 8,499 ರೂಪಾಯಿಗೆ ಬಂದ ಈ ಫೋನಿನಲ್ಲಿರುವುದು ಸ್ನ್ಯಾಪ್‌ಡ್ರ್ಯಾಗನ್ 4ಎಸ್ ಜೆನ್ 2 ಚಿಪ್. ಬೆಲೆ ಇಳಿಸಲು ಅದರಲ್ಲಿ ಎನ್‌ಎಸ್‌ಎ ಬಿಡಲಾಗಿದೆ. ಜಿಯೋ ಸಿಮ್ ಹಾಕಿದರೆ 5ಜಿ ಬರುತ್ತದೆ, ಏರ್‌ಟೆಲ್‌ನ ಎನ್‌ಎಸ್‌ಎ 5ಜಿ ಬರುವುದಿಲ್ಲ. ಫೋನ್ ಕೆಟ್ಟದ್ದೇನಲ್ಲ, ಜಿಯೋ ಗ್ರಾಹಕರಿಗೆ ಒಳ್ಳೆಯ ವ್ಯಾಪಾರವೇ. ವಿವರ ಓದದೆ ಕೊಂಡ ಏರ್‌ಟೆಲ್ ಗ್ರಾಹಕರು ಮಾತ್ರ 4ಜಿ ಫೋನ್ ಕೊಂಡಂತಾಯಿತು. ಡಿಸೆಂಬರಿನಲ್ಲಿ ಬಂದ ಪೋಕೋ ಸಿ75 5ಜಿಯದೂ ಇದೇ ಕಥೆ. ಹತ್ತು ಸಾವಿರದೊಳಗಿನ ಯಾವ 5ಜಿ ಫೋನ್ ಇದ್ದರೂ ಚಿಪ್ಪಿನ ಹೆಸರು ನೋಡಿಯೇ ದುಡ್ಡು ಕೊಡಿ.

ಇದಕ್ಕೆ ತದ್ವಿರುದ್ಧ ತೊಂದರೆ 2020–21ರ ಸೆಕೆಂಡ್ ಹ್ಯಾಂಡ್ ಫೋನ್‌ಗಳದು. ಕೆಲವದರಲ್ಲಿ ಎನ್‌ಎಸ್‌ಎ ಇದೆ, ಎಸ್‌ಎ ತೆರೆದಿಲ್ಲ. ಅವುಗಳಲ್ಲಿ ಜಿಯೋ 5ಜಿ ಬರುವುದಿಲ್ಲ.

5ಜಿ ಎಂದು ತೋರಿಸುತ್ತದೆ, ಆದರೆ 4ಜಿಗಿಂತ ನಿಧಾನ. ಫೋನ್ ಬದಲಿಸಬೇಕೇ?

ಬಹುಶಃ ಬೇಡ. ಪರದೆಯ ಮೇಲಿನ ‘5ಜಿ’ ಗುರುತು ಯಾವ ಬ್ಯಾಂಡ್ ಎಂದು ಹೇಳುವುದಿಲ್ಲ, ಅಲ್ಲೇ ಗೊಂದಲ.

ಎನ್78ರಲ್ಲಿ ಒಂದು ಕಂಪನಿ ಬಳಸುವ ಅಗಲ 100 ಮೆಗಾಹರ್ಟ್ಸ್‌ವರೆಗೆ ಇರುತ್ತದೆ. ಎನ್28ರಲ್ಲಿ ಜಿಯೋ ಕೈಯಲ್ಲಿರುವುದು 10 ಮೆಗಾಹರ್ಟ್ಸ್. ಎರಡು ಆಂಟೆನಾ ದಾರಿಯಿರುವ ಫೋನಿನಲ್ಲಿ 10 ಮೆಗಾಹರ್ಟ್ಸ್‌ನಿಂದ ಕಾಗದದ ಮೇಲಿನ ಗರಿಷ್ಠವೇ ಸುಮಾರು 110 ಎಂಬಿಪಿಎಸ್. ಅದನ್ನು ಆ ಟವರಿನಡಿಯ ಎಲ್ಲರೂ ಹಂಚಿಕೊಳ್ಳಬೇಕು. ಅತ್ತ 4ಜಿಯಲ್ಲಿ 20 ಮೆಗಾಹರ್ಟ್ಸ್‌ನ ಒಂದೇ ಬ್ಯಾಂಡ್ 150 ಎಂಬಿಪಿಎಸ್ ಕೊಡಬಲ್ಲದು, ಒಳ್ಳೆಯ ಫೋನ್ ಎರಡು ಮೂರು ಬ್ಯಾಂಡ್ ಒಟ್ಟುಗೂಡಿಸುತ್ತದೆ. ಹಾಗಾಗಿ ಮನೆಯ ಒಳಕೋಣೆಯಲ್ಲಿ ಎನ್78 ಕೈಬಿಟ್ಟು ಫೋನ್ ಎನ್28ಕ್ಕೆ ಜಾರಿದಾಗ ‘5ಜಿ’ ನಿಧಾನವಾಗುವುದು ಸಹಜ. 3300 ಮೆಗಾಹರ್ಟ್ಸ್ ಅಲೆ ಕಾಂಕ್ರೀಟ್ ಗೋಡೆಗೆ, ಅದಕ್ಕಿಂತ ಹೆಚ್ಚಾಗಿ ಶಾಖ ತಡೆಯುವ ಲೋಹಲೇಪಿತ ಗಾಜಿಗೆ ಸೋಲುತ್ತದೆ. ಟೆಕ್ ಪಾರ್ಕ್‌ಗಳ ಲಿಫ್ಟ್ ಬಳಿ ಸಿಗ್ನಲ್ ಇಲ್ಲದಿರುವುದಕ್ಕೆ ಅರ್ಧ ಕಾರಣ ಈ ಗಾಜು.

ಯಾವ ಬ್ಯಾಂಡ್ ಎಂದು ತಿಳಿಯಲು: ಸ್ಯಾಮ್‌ಸಂಗ್‌ನಲ್ಲಿ *#0011#, ಐಫೋನಿನಲ್ಲಿ *3001#12345#*, ಬಹುತೇಕ ಇತರ ಆಂಡ್ರಾಯ್ಡ್‌ಗಳಲ್ಲಿ *#*#4636#*#* ಡಯಲ್ ಮಾಡಿ. ಸಿಗ್ನಲ್ ಬಲ ಋಣ ಸಂಖ್ಯೆಯಲ್ಲಿ ಬರುತ್ತದೆ. -80 ಇದ್ದರೆ ಚೆನ್ನಾಗಿದೆ, -100 ನಡೆಯುತ್ತದೆ, -110ಕ್ಕಿಂತ ಕೆಳಗೆ ಹೋದರೆ ಹೊಸ ಫೋನ್ ತಂದರೂ ಹೆಚ್ಚು ಬದಲಾಗದು. ಕಿಟಕಿ ಬಳಿ ಒಂದು ಸಲ, ಒಳಕೋಣೆಯಲ್ಲಿ ಒಂದು ಸಲ ನೋಡಿ. ಬಲ ಚೆನ್ನಾಗಿದ್ದೂ ರಾತ್ರಿ ಹೊತ್ತು ಮಾತ್ರ ನಿಧಾನವಾದರೆ ಅದು ಟವರಿನ ದಟ್ಟಣೆ. ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದು ಫೋನ್ ಬದಲಿಸುವುದಕ್ಕಿಂತ ಅಗ್ಗ.

ಕರೆ ಬಂದಾಗ 5ಜಿ ಮಾಯವಾಗಿ 4ಜಿ ಆಗುತ್ತದೆ. ದೋಷವೇ?

ಅಲ್ಲ. ಎಸ್‌ಎ ನೆಟ್‌ವರ್ಕಿನಲ್ಲಿ ಕರೆಯೂ 5ಜಿ ಮೇಲೆ ಹೋಗಬೇಕಾದರೆ ‘ವೋಎನ್ಆರ್’ ಬೇಕು. ಫೋನಿನಲ್ಲಿ ಅದು ಇಲ್ಲದಿದ್ದರೆ, ಇದ್ದರೂ ಆಫ್ ಆಗಿದ್ದರೆ, ಕರೆಗಾಗಿ ಫೋನ್ 4ಜಿಗೆ ಇಳಿಯುತ್ತದೆ, ಮುಗಿದ ಕೆಲವು ಸೆಕೆಂಡಿಗೆ ಮರಳುತ್ತದೆ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಆ ಹೆಸರಿನ ಗುಂಡಿ ಇದೆಯೇ ನೋಡಿ.

5ಜಿ ಅಡ್ವಾನ್ಸ್ಡ್‌ಗಾಗಿಯಾದರೂ ಕಾಯಬಹುದೇ? ಅದು ಹತ್ತಿರವಿದೆಯಲ್ಲ.

5ಜಿಯನ್ನೇ ಸುಧಾರಿಸಿದ ಮುಂದಿನ ಹಂತ ಅದು, ಹತ್ತಿರವಿದೆ ನಿಜ. 3ಜಿಪಿಪಿಯ 18ನೇ ಆವೃತ್ತಿ 2024ರ ಜೂನಿನಲ್ಲಿ ಮುಗಿಯಿತು, ಅದೇ 5ಜಿ ಅಡ್ವಾನ್ಸ್ಡ್‌ನ ಮೊದಲ ಕಂತು. ದುಬಾರಿ ಫೋನ್‌ಗಳ ಮೋಡೆಮ್‌ಗಳು ಆಗಲೇ ಆ ಹೆಸರು ಹಾಕಿಕೊಂಡು ಬಂದಿವೆ. ಆದರೆ ಅದರ ಸುಧಾರಣೆಗಳಲ್ಲಿ ಬಹಳಷ್ಟು ಟವರಿನ ಕಡೆಯವು: ವಿದ್ಯುತ್ ಉಳಿತಾಯ, ಅಪ್‌ಲೋಡ್ ಹಂಚಿಕೆ, ಟವರಿನಿಂದ ಟವರಿಗೆ ಬೇಗ ದಾಟುವುದು. ನಿಮ್ಮ ಹಳೆಯ ಫೋನಿಗೂ ಅದರಿಂದ ಪರೋಕ್ಷ ಲಾಭವಿದೆ. ಇದೊಂದಕ್ಕೇ ಫೋನ್ ಖರೀದಿ ಮುಂದೂಡುವುದರಲ್ಲಿ ಅರ್ಥವಿಲ್ಲ.

ಮಿಲಿಮೀಟರ್ ವೇವ್ ಇರುವ ಫೋನ್ ಹುಡುಕಬೇಕೇ?

ಬೇಡ. ಇಲ್ಲಿನ ಮಿಲಿಮೀಟರ್ ವೇವ್ ಎಂದರೆ ಮೇಲೆ ಹೇಳಿದ ಎನ್258 ಬ್ಯಾಂಡೇ. ಆ 26 ಗಿಗಾಹರ್ಟ್ಸ್ ಅಲೆಗೆ ಮರದ ಎಲೆ, ಕೈ, ಮಳೆ ಎಲ್ಲವೂ ಅಡ್ಡಿ. ಭಾರತದಲ್ಲಿ ಅದು ಹೆಚ್ಚು ಉಪಯುಕ್ತವಾಗುವುದು ಮಹಡಿಯ ಮೇಲೆ ಪೆಟ್ಟಿಗೆ ಕಟ್ಟಿ ಮನೆಗೆ ಕೊಡುವ ವೈರ್‌ಲೆಸ್ ಬ್ರಾಡ್‌ಬ್ಯಾಂಡ್‌ಗೆ. ಅಮೆರಿಕದಲ್ಲಿ ಮಾರುವ ಹಲವು ಐಫೋನ್‌ಗಳಲ್ಲಿ ಮಿಲಿಮೀಟರ್ ವೇವ್ ಇದೆ, ಇಲ್ಲಿ ಮಾರುವವುಗಳಲ್ಲಿ ಇಲ್ಲ. ಯಾರೂ ಅದರ ಕೊರತೆ ಅನುಭವಿಸಿಲ್ಲ.

ನಮ್ಮದು ಮಲೆನಾಡಿನ ಹಳ್ಳಿ, 4ಜಿಯೇ ತೆವಳುತ್ತದೆ. 5ಜಿ ಫೋನ್ ಯಾಕೆ?

ನಿಮಗೆ ಬೇಕಾದ್ದು ಪೀಳಿಗೆಯಲ್ಲ, ಕಡಿಮೆ ತರಂಗಾಂತರದ ಬ್ಯಾಂಡ್‌ಗಳು ಮತ್ತು ವೈಫೈ ಕಾಲಿಂಗ್. ಗುಡ್ಡ, ಅಡಿಕೆ ತೋಟ, ಒದ್ದೆ ಎಲೆಗಳ ನಡುವೆ ದೂರದ ಟವರಿನಿಂದ ತಲುಪುವುದು 700, 850, 900 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 28, 5, 8. ಕೇಬಲ್ ಇಂಟರ್ನೆಟ್ ಬಂದ ಮನೆಯಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಒಂದು ಕಡ್ಡಿ ಸಿಗ್ನಲ್ ಇಲ್ಲದಿದ್ದರೂ ಮಾಮೂಲಿ ನಂಬರಿಗೆ ಕರೆ ಬರುತ್ತದೆ. ಇದಕ್ಕೆ ಬೇರೆ ಆ್ಯಪ್ ಬೇಡ, ಆದರೆ ನಿಮ್ಮ ಫೋನ್ ಮಾದರಿ ನಿಮ್ಮ ಸಿಮ್ ಕಂಪನಿಯ ಪಟ್ಟಿಯಲ್ಲಿ ಇರಬೇಕು. ಕೊಳ್ಳುವ ಮೊದಲೇ ನೋಡಿ.

ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಆದೇಶದಂತೆ ಎಲ್ಲ ಕಂಪನಿಗಳೂ 2ಜಿ, 3ಜಿ, 4ಜಿ, 5ಜಿ ವ್ಯಾಪ್ತಿಯ ನಕ್ಷೆಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ನಿಮ್ಮ ಊರನ್ನು ಹಿಗ್ಗಿಸಿ ನೋಡಿ. ನಕ್ಷೆ ತೋರಿಸುವುದು ಬಯಲಿನ ಲೆಕ್ಕ ಎಂಬುದು ನೆನಪಿರಲಿ. ಕಣಿವೆಯ ಮನೆಗೆ ನೆರೆಮನೆಯವರ ಸಿಮ್ ಕೇಳಿ ಪಡೆದು ಒಂದು ಗಂಟೆ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ.

ಬಿಎಸ್‌ಎನ್‌ಎಲ್ ಬಳಸುತ್ತೇನೆ. 5ಜಿ ಫೋನ್ ಬೇಕೇ?

ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ಸುಮಾರು 97,500 ಟವರ್‌ಗಳೊಂದಿಗೆ ಉದ್ಘಾಟನೆಯಾಯಿತು. ಅದರ ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಜಾಲದ ಕೇಂದ್ರಭಾಗವಾದ ಕೋರ್ ಸರ್ಕಾರಿ ಸಂಸ್ಥೆ ಸಿ-ಡಾಟ್‌ನದು, ಜೋಡಣೆ ಟಿಸಿಎಸ್‌ನದು. ಇದನ್ನು ಮುಂದೆ 5ಜಿಗೆ ಏರಿಸಬಹುದಾದ ರೀತಿಯಲ್ಲೇ ಕಟ್ಟಿದ್ದಾರೆ. ಈಗ 4ಜಿ ಓಡುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ. ‘ಟವರ್ ಪಕ್ಕದಲ್ಲೇ ಇದೆ, ನೆಟ್ ಇಲ್ಲ’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಎರಡು ಕಾರಣ: ಹಳೆಯ ಫೋನಿನಲ್ಲಿ ಬ್ಯಾಂಡ್ 28 ಇಲ್ಲ, ಅಥವಾ ಸಿಮ್ ಇನ್ನೂ 3ಜಿ ಕಾಲದ್ದು. ಎರಡನೆಯದಕ್ಕೆ ಗ್ರಾಹಕ ಕೇಂದ್ರದಲ್ಲಿ 4ಜಿ ಸಿಮ್ ಬದಲಾಯಿಸಿಕೊಳ್ಳಿ. ಹೊಸ ಫೋನ್ ಕೊಳ್ಳುವುದಾದರೆ ಬ್ಯಾಂಡ್ 28 ಮತ್ತು ಎನ್28 ಎರಡೂ ಇರುವುದನ್ನು ತೆಗೆದುಕೊಳ್ಳಿ.

5ಜಿ ಫೋನ್ ತಂದೆ, 5ಜಿ ಬರುತ್ತಿಲ್ಲ. ಏನು ಮಾಡಲಿ?

ಈ ಕ್ರಮದಲ್ಲಿ ನೋಡಿ. ಮೊದಲು ಸಾಫ್ಟ್‌ವೇರ್ ಅಪ್‌ಡೇಟ್. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್‌ಗೆ ಹೋಗಿ ನೆಟ್‌ವರ್ಕ್ ಮೋಡ್ 5ಜಿ ಸೇರಿರುವ ಆಯ್ಕೆಯಲ್ಲಿದೆಯೇ ನೋಡಿ. ಐಫೋನಿನಲ್ಲಿ ಮೊಬೈಲ್ ಡೇಟಾ ಆಯ್ಕೆಗಳೊಳಗೆ ‘ವಾಯ್ಸ್ ಆಂಡ್ ಡೇಟಾ’ ತೆರೆದು 5ಜಿ ಆಯ್ಕೆ ಮಾಡಿ, ಜಿಯೋ ಆದರೆ ಸ್ಟ್ಯಾಂಡ್‌ಅಲೋನ್ (ಎಸ್‌ಎ) ಗುಂಡಿಯೂ ಆನ್ ಇರಲಿ. ಎರಡು ಸಿಮ್ ಇದ್ದರೆ ಡೇಟಾ ಯಾವ ಸಿಮ್ಮಿಗೆ ಇದೆ ನೋಡಿ, ಕೆಲವು ಫೋನ್‌ಗಳು ಡೇಟಾ ಸಿಮ್ಮಿಗೆ ಮಾತ್ರ 5ಜಿ ಕೊಡುತ್ತವೆ. ಪವರ್ ಸೇವಿಂಗ್ ಮೋಡ್ ಹಲವು ಫೋನ್‌ಗಳಲ್ಲಿ 5ಜಿಯನ್ನು ಸದ್ದಿಲ್ಲದೆ ಆಫ್ ಮಾಡುತ್ತದೆ. ಜಿಯೋ, ಏರ್‌ಟೆಲ್‌ನ ಮಾಮೂಲಿ 4ಜಿ ಸಿಮ್ಮೇ ಸಾಕು, ಹೊಸ ಸಿಮ್ ಬೇಡ. ‘ಫೋನಿನಲ್ಲೇ 5ಜಿಗೆ ಬದಲಿಸಿಕೊಡುತ್ತೇವೆ, ಒಟಿಪಿ ಹೇಳಿ’ ಎಂದು ಕರೆ ಮಾಡುವವರು ಮೋಸಗಾರರು.

ಕೊನೆಗೆ ರೀಚಾರ್ಜ್. 2024ರ ಜುಲೈ ದರ ಏರಿಕೆಯಾದಾಗಿನಿಂದ ಜಿಯೋ, ಏರ್‌ಟೆಲ್ ಎರಡೂ ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಹೆಚ್ಚಿನ ಪ್ಲಾನ್‌ಗಳಿಗೆ ಸೀಮಿತಗೊಳಿಸಿದವು. ಈ ಷರತ್ತುಗಳು ಬದಲಾಗುತ್ತಿರುತ್ತವೆ, ರೀಚಾರ್ಜ್ ಮಾಡುವಾಗ ಪ್ಲಾನಿನ ಕೆಳಗಿನ ಸಣ್ಣ ಅಕ್ಷರ ಓದಿ. ಫೋನಿನ ಬೆಲೆ ಜೊತೆ ಈ ವ್ಯತ್ಯಾಸವನ್ನೂ ಮೂರು ವರ್ಷಕ್ಕೆ ಗುಣಿಸಿ ನೋಡಿದರೆ 5ಜಿಯ ನಿಜವಾದ ಖರ್ಚು ತಿಳಿಯುತ್ತದೆ.

5ಜಿ ಬ್ಯಾಟರಿ ತಿನ್ನುತ್ತದೆಯೇ?

ಸಿಗ್ನಲ್ ಗಟ್ಟಿಯಿದ್ದಲ್ಲಿ ವ್ಯತ್ಯಾಸ ಅಲ್ಪ. ತಿನ್ನುವುದು ಅಂಚಿನಲ್ಲಿ: 5ಜಿ ಬಂದು ಹೋಗುವ ಜಾಗದಲ್ಲಿ ಫೋನ್ ಹುಡುಕುತ್ತಲೇ ಇರುತ್ತದೆ. ಎನ್‌ಎಸ್‌ಎಯಲ್ಲಿ 4ಜಿ, 5ಜಿ ಎರಡು ಸಂಪರ್ಕವನ್ನೂ ಹಿಡಿದಿರಬೇಕಾದ್ದರಿಂದ ಸ್ವಲ್ಪ ಹೆಚ್ಚು. ದಿನವೂ ಬೆಂಗಳೂರು–ಮೈಸೂರು ರೈಲಿನಲ್ಲಿ ಓಡಾಡುವವರು ಪ್ರಯಾಣದ ಹೊತ್ತಿಗೆ 4ಜಿಗೆ ಬದಲಿಸಿಕೊಂಡರೆ ಫೋನ್ ಬಿಸಿಯೂ ಆಗದು.

ಹಾಗಾದರೆ ಕಾಯಲೇಬಾರದೇ?

ವರ್ಷಗಟ್ಟಲೆ ಬೇಡ, ವಾರಗಟ್ಟಲೆ ಕಾಯಬಹುದು. ಐಫೋನ್ ಹೊಸ ಮಾದರಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಸ್ಯಾಮ್‌ಸಂಗ್ ಎಸ್ ಸರಣಿ ವರ್ಷದ ಆರಂಭದಲ್ಲಿ ಬರುತ್ತದೆ. ಬಂದ ಕೂಡಲೇ ಹಿಂದಿನದರ ಬೆಲೆ ಇಳಿಯುತ್ತದೆ. ದಸರಾ–ದೀಪಾವಳಿ ಸೇಲ್‌ನಲ್ಲಿ ಕಾರ್ಡ್ ರಿಯಾಯಿತಿ ಸೇರಿ ಇನ್ನಷ್ಟು. ಜುಲೈ ಕೊನೆಯಲ್ಲಿ ಐಫೋನ್ ಕೊಳ್ಳಲು ಹೊರಟವರಿಗೆ ‘ಎರಡು ತಿಂಗಳು ತಡೆಯಿರಿ’ ಎನ್ನುವುದು ನಿಜವಾದ ಸಲಹೆ.

ನೆಟ್‌ವರ್ಕ್ ಪೀಳಿಗೆಗಿಂತ ಮೊದಲು ಫೋನನ್ನು ಮುದಿಯಾಗಿಸುವುದು ಎರಡು: ಬ್ಯಾಟರಿ ಮತ್ತು ಭದ್ರತಾ ಅಪ್‌ಡೇಟ್. ಗ್ಯಾಲಕ್ಸಿ ಎಸ್24, ಪಿಕ್ಸೆಲ್ 8ರಿಂದ ಮುಂದಕ್ಕೆ ಆ ಸರಣಿಗಳಿಗೆ ಏಳು ವರ್ಷದ ಅಪ್‌ಡೇಟ್ ಭರವಸೆ ಇದೆ. ಗ್ಯಾಲಕ್ಸಿ ಎ16ರಂಥ ಮಧ್ಯಮ ಬೆಲೆಯದಕ್ಕೆ ಆರು ವರ್ಷ. ಕಡಿಮೆ ಬೆಲೆಯ ಹಲವು ಫೋನ್‌ಗಳಿಗೆ ಇದರ ಅರ್ಧವೂ ಇರುವುದಿಲ್ಲ. ಅಪ್‌ಡೇಟ್ ನಿಂತ ಕೆಲವು ವರ್ಷಕ್ಕೆ ಬ್ಯಾಂಕ್ ಆ್ಯಪ್‌ಗಳು ತಕರಾರು ತೆಗೆಯುತ್ತವೆ, ಆಗ 5ಜಿ ಇದ್ದೂ ಪ್ರಯೋಜನವಿಲ್ಲ.

ಸೆಕೆಂಡ್ ಹ್ಯಾಂಡ್ 5ಜಿ ಫೋನ್ ಕೊಳ್ಳುವಾಗ?

*#06# ಒತ್ತಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ತೆಗೆಯಿರಿ, ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿ. ಸರ್ಕಾರದ ‘ಸಂಚಾರ್ ಸಾಥಿ’ ಜಾಲತಾಣದಲ್ಲೂ ನೋಡಬಹುದು. ಕಳವಿನ ಫೋನ್ ಎಂದು ನಿರ್ಬಂಧವಾಗಿದ್ದರೆ ಅಲ್ಲೇ ತಿಳಿಯುತ್ತದೆ. ನಂತರ ನಿಮ್ಮದೇ ಸಿಮ್ ಹಾಕಿ, ಅಂಗಡಿಯ ವೈಫೈ ಆಫ್ ಮಾಡಿ, 5ಜಿ ಬರುತ್ತದೆಯೇ, ಕರೆ ಹೋಗುತ್ತದೆಯೇ ನೋಡಿ.

ಮಗ ಓದಲು ಅಮೆರಿಕಕ್ಕೆ ಹೊರಟಿದ್ದಾನೆ. ಇಲ್ಲೇ ಕೊಡಿಸಲೇ, ಅಲ್ಲಿ ಕೊಳ್ಳಲೇ?

ಮಧ್ಯಮ ಬೆಲೆಯ ಆಂಡ್ರಾಯ್ಡ್ ಆದರೆ ಅಲ್ಲೇ ಕೊಳ್ಳಲಿ. ಅಲ್ಲಿ ಟಿ-ಮೊಬೈಲ್‌ನ ದೂರ ಹೋಗುವ ಬ್ಯಾಂಡ್ ಎನ್71, ಇಲ್ಲಿ ಮಾರುವ ಹಲವು ಫೋನ್‌ಗಳಲ್ಲಿ ಅದು ಇರುವುದಿಲ್ಲ. ಎಟಿ ಆಂಡ್ ಟಿಯಂತೂ ತನ್ನ ಪಟ್ಟಿಯಲ್ಲಿಲ್ಲದ ಫೋನುಗಳನ್ನು ಸೇರಿಸಿಕೊಳ್ಳುವುದೇ ಇಲ್ಲ. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರಿನಲ್ಲಿ 3ಜಿ ನಿಲ್ಲಿಸಿದ ಮೇಲೆ, ತುರ್ತು ಕರೆಯನ್ನು 4ಜಿಯಲ್ಲಿ ಮಾಡಲಾಗದ ಫೋನ್‌ಗಳಿಗೆ ಸೇವೆ ಕೊಡುವಂತಿಲ್ಲ. ಅಲ್ಲಿಗೆ ಹೋಗುವವರು ಮೊದಲೇ ಮಾದರಿ ಪರಿಶೀಲಿಸಿಕೊಳ್ಳಬೇಕು.

ಅಮೆರಿಕದಿಂದ ಇಲ್ಲಿಗೆ ತರುವಾಗ: ಅಲ್ಲಿನ ಐಫೋನ್ 14ರಿಂದ ಮುಂದೆ ಸಿಮ್ ಹಾಕುವ ಕಿಂಡಿಯೇ ಇಲ್ಲ, ಇ-ಸಿಮ್ ಮಾತ್ರ. ಜಿಯೋ, ಏರ್‌ಟೆಲ್, ವಿಐ ಇ-ಸಿಮ್ ಕೊಡುತ್ತವೆ. ಕಂತಿನಲ್ಲಿ ಕೊಂಡ ಫೋನ್ ಅಲ್ಲಿನ ಕಂಪನಿಗೆ ಲಾಕ್ ಆಗಿರಬಹುದು. ಸೆಟ್ಟಿಂಗ್ಸ್, ಜನರಲ್, ಅಬೌಟ್‌ನಲ್ಲಿ ‘ಕ್ಯಾರಿಯರ್ ಲಾಕ್’ ಎದುರಿಗೆ ಸಿಮ್ ನಿರ್ಬಂಧ ಇಲ್ಲ ಎಂದಿದ್ದರೆ ಮಾತ್ರ ಸೂಟ್‌ಕೇಸಿಗೆ ಹಾಕಲಿ.